ಜಯನಗರದಲ್ಲಿ ಬಾಡಿಗೆ ಮನೆ ಹಿಡಿಯುವ ಮುಂಚೆ

2019ರಲ್ಲಿ ಬೆಂಗಳೂರಿನ ಜಯನಗರದ ಒಂದು ಮನೆ ಖಾಲಿ ಮಾಡಿದೆವು. ವಾಪಸ್ ಬರಬೇಕಿದ್ದ ಅಡ್ವಾನ್ಸ್ 2,40,000 ರೂಪಾಯಿ. ಕೈಗೆ ಬಂದದ್ದು 1,48,000. ಪೇಂಟಿಂಗ್‌ಗೆ 24,000, ಅಡುಗೆಮನೆ ಗ್ರಾನೈಟ್ ಬಿರುಕಿಗೆ 35,000, ಕಬೋರ್ಡಿಗೆ 25,000, ಗೀಸರ್‌ಗೆ 8,000 ಅಂತ ಓನರ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಪೇಂಟಿಂಗ್ ಸರಿ, ಅದು ಮೊದಲೇ ಮಾತಾಗಿತ್ತು. ಆದರೆ ಆ ಗ್ರಾನೈಟ್ ನಾವು ಹಾಲು ಉಕ್ಕಿಸಿದ ದಿನವೇ ಬಿರುಕು ಬಿಟ್ಟಿತ್ತು. ಸ್ಟವ್ ಇಡುವಾಗ ನಾನೇ ಬೆರಳಾಡಿಸಿ ನೋಡಿದ್ದೆ. ತೋರಿಸೋಣ ಅಂದರೆ ಒಂದೇ ಒಂದು ಫೋಟೋ ಇರಲಿಲ್ಲ. ಮೂರು ವರ್ಷದ ಹಿಂದೆಯೇ ಹಾಗಿತ್ತು ಅಂತ ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ?

ಅವತ್ತಿನಿಂದ ನಾನು ಮನೆ ನೋಡುವ ರೀತಿಯೇ ಬದಲಾಯಿತು. ಸೇರುವ ದಿನಕ್ಕಿಂತ ಮೊದಲು ಬಿಡುವ ದಿನವನ್ನು ಯೋಚಿಸುತ್ತೇನೆ. ನಾನು ಹಾಸನದವಳು. ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಹದಿನಾಲ್ಕು ವರ್ಷದಲ್ಲಿ ಜಯನಗರದಲ್ಲೇ ಇದು ನಮ್ಮ ನಾಲ್ಕನೇ ಮನೆ. ಈಗ ನನ್ನ ತಂಗಿ ಇಲ್ಲೇ ಮನೆ ಹುಡುಕುತ್ತಿದ್ದಾಳೆ. ಅವಳಿಗೆ ದಿನಾ ಫೋನಿನಲ್ಲಿ ಹೇಳುತ್ತಿರುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏರಿಯಾ ಬಗ್ಗೆ. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಹಾಕಿದವರು ಸಿ. ರಾಜಗೋಪಾಲಾಚಾರಿ. ಅದರ ಗುರುತಾಗಿ ಅಶೋಕ ಪಿಲ್ಲರ್ ಇವತ್ತಿಗೂ ಇದೆ. ನಕ್ಷೆ ಹಾಕಿ ಕಟ್ಟಿದ ಬಡಾವಣೆ, ಹಾಗಾಗಿ ರಸ್ತೆ ಅಗಲ, ಮರ ಜಾಸ್ತಿ, ಪಾರ್ಕ್ ಹತ್ತಿರ. ನಾವು ಬಾಡಿಗೆ ಜಾಸ್ತಿ ಕೊಡುವುದು ಇದಕ್ಕೇ. ಇದರ ಇನ್ನೊಂದು ಮುಖವೂ ನಿಮಗೆ ಗೊತ್ತಿರಬೇಕು. ಇಲ್ಲಿ ಹಳೇ ಮನೆಗಳು ಬಹಳ. ಓನರ್‌ಗಳಿಗೆ ವಯಸ್ಸಾಗಿದೆ, ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲೋ ಸಿಂಗಪುರದಲ್ಲೋ ಇದ್ದಾರೆ. ಮನೆ ತೋರಿಸುವವರು ಒಬ್ಬರು, ಬಾಡಿಗೆ ತೆಗೆದುಕೊಳ್ಳುವವರು ಇನ್ನೊಬ್ಬರು, ಆಸ್ತಿ ಹೆಸರಿನಲ್ಲಿ ಮತ್ತೊಬ್ಬರು. ನಾಳೆ ಅಡ್ವಾನ್ಸ್ ಯಾರನ್ನು ಕೇಳಬೇಕು ಅನ್ನುವುದು ಇವತ್ತೇ ಗೊತ್ತಿರಬೇಕು. ಆಸ್ತಿ ತೆರಿಗೆ ಕಟ್ಟಿದ ರಸೀದಿ ತೋರಿಸಿ ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ. ಎರಡು ಲಕ್ಷ ಕೊಡುವವರು ನೀವು.

ಅಡ್ರೆಸ್ ಸರಿಯಾಗಿ ಕೇಳಿಸಿಕೊಳ್ಳಿ. ನಾಲ್ಕನೇ ಬ್ಲಾಕ್ ಬೇರೆ, ನಾಲ್ಕನೇ ಟಿ ಬ್ಲಾಕ್ ಬೇರೆ. ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸ್ ಸುತ್ತಮುತ್ತ, ಹನ್ನೊಂದನೇ ಮೇನ್ ಕಡೆ ಮನೆ ಅಂದರೆ ಸಂಜೆ ಹೊತ್ತು ಒಮ್ಮೆ, ಭಾನುವಾರ ಒಮ್ಮೆ ಹೋಗಿ ನಿಂತು ನೋಡಿ. ಬೆಳಗ್ಗೆ ಹತ್ತು ಗಂಟೆಗೆ ಕೋಗಿಲೆ ಕೂಗುವ ರಸ್ತೆಯಲ್ಲಿ ಸಂಜೆ ಏಳಕ್ಕೆ ನಿಮ್ಮ ಗೇಟಿನ ಮುಂದೆ ಬೇರೆಯವರ ಕಾರು ನಿಂತಿರುತ್ತದೆ. ಎರಡು ಕ್ರಾಸ್ ಒಳಗೆ ಹೋದರೆ ಅದೇ ಬಾಡಿಗೆಗೆ ನೆಮ್ಮದಿಯ ಮನೆ ಸಿಗುತ್ತದೆ. ಮೆಟ್ರೊಗೆ ನಡೆದು ಹೋಗುವಷ್ಟು ದೂರ ಇದ್ದರೆ ಸ್ವಲ್ಪ ಜಾಸ್ತಿ ಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರೂ ಈಗ ಇಲ್ಲಿ ಮನೆ ಕೇಳುತ್ತಾರೆ. ಓನರ್‌ಗಳೂ ಅದನ್ನು ಹೇಳಿಯೇ ಬಾಡಿಗೆ ಏರಿಸುತ್ತಾರೆ.

ಯಾವಾಗ ಹುಡುಕಬೇಕು? ಏಪ್ರಿಲ್, ಮೇ ತಿಂಗಳಲ್ಲಿ ಸ್ಕೂಲು ಶುರುವಾಗುವ ಮುಂಚೆ ಎಲ್ಲರೂ ಒಟ್ಟಿಗೆ ಹುಡುಕುತ್ತಾರೆ, ಆಗ ಚೌಕಾಸಿ ನಡೆಯುವುದಿಲ್ಲ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಆ ತಿಂಗಳು ಖಾಲಿ ಇರುವ ಮನೆಯ ಓನರ್ ಮಾತಿಗೆ ಸಿಗುತ್ತಾರೆ. ಈಗಿನ ಮನೆಗೆ ಅವರು ಹೇಳಿದ್ದು 42,000. ಆಷಾಢ ಹುಟ್ಟುವ ಎರಡು ದಿನ ಮುಂಚೆ ಹಾಲು ಉಕ್ಕಿಸಿ, ಸಾಮಾನು ಶ್ರಾವಣದಲ್ಲಿ ತರುತ್ತೇವೆ, ಬಾಡಿಗೆ ಇವತ್ತಿನಿಂದಲೇ ಕೊಡುತ್ತೇವೆ ಅಂದೆವು. 38,000ಕ್ಕೆ ಒಪ್ಪಿದರು. ಶಾಸ್ತ್ರವೂ ಉಳಿಯಿತು, ತಿಂಗಳಿಗೆ ನಾಲ್ಕು ಸಾವಿರವೂ ಉಳಿಯಿತು.

ಬ್ರೋಕರ್ ಇಲ್ಲದೆ ಸಿಗುತ್ತಾ? ಸಿಗುತ್ತದೆ, ಆದರೆ ಕಾಲು ನೋಯಬೇಕು. ಇಲ್ಲಿನ ಹಿರಿಯ ಓನರ್‌ಗಳು ಆ್ಯಪ್‌ನಲ್ಲಿ ಹಾಕುವುದು ಕಡಿಮೆ. ಗೇಟಿಗೆ ಒಂದು ಟು ಲೆಟ್ ಬೋರ್ಡ್ ತೂಗುಹಾಕಿ ಸುಮ್ನೆ ಇರುತ್ತಾರೆ. ಭಾನುವಾರ ಬೆಳಗ್ಗೆ ಒಂದೊಂದು ಬ್ಲಾಕ್ ಹಿಡಿದು ನಡೆಯಿರಿ. ಇಸ್ತ್ರಿ ಅಂಗಡಿಯವರನ್ನು, ಹೂವಿನವರನ್ನು ಕೇಳಿ. ಯಾವ ಮನೆ ಖಾಲಿಯಾಗುತ್ತಿದೆ ಅಂತ ಅವರಿಗೆ ಗೊತ್ತಿರುತ್ತದೆ. ಆ ಮನೆಯಲ್ಲಿ ಎರಡು ವರ್ಷಕ್ಕೆ ನಾಲ್ಕು ಸಂಸಾರ ಬದಲಾಗಿದ್ದರೆ ಅದೂ ಗೊತ್ತಿರುತ್ತದೆ. ನಮ್ಮ ಮೂರನೇ ಮನೆ ಸಿಕ್ಕಿದ್ದು ಇಸ್ತ್ರಿಯಣ್ಣನಿಂದಲೇ. ಬ್ರೋಕರ್ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆ ಕಮಿಷನ್. ಅಗ್ರಿಮೆಂಟ್‌ಗೆ ಸಹಿ ಬಿದ್ದ ಮೇಲೆ ಕೊಡಿ, ಮುಂಚೆ ಬೇಡ.

ಇನ್ನು ನೀರು. ಇದಕ್ಕೆ ಅರ್ಧ ಗಂಟೆ ಕೊಡಿ, ಬೇಕಾದರೆ ಬಾಲ್ಕನಿ ನೋಡುವುದನ್ನು ಬಿಡಿ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಬರುತ್ತದೆ? ಸಂಪ್ ಎಷ್ಟು ಲೀಟರ್? ಅದೇ ಸಂಪ್‌ನಿಂದ ಎಷ್ಟು ಮನೆಗೆ ನೀರು? ಮೋಟರ್ ಹಾಕುವವರು ಯಾರು, ಅದರ ಕರೆಂಟ್ ಯಾರ ಮೀಟರ್‌ನಲ್ಲಿ ಓಡುತ್ತದೆ? ಎರಡನೇ ಮನೆಯಲ್ಲಿ ಮೋಟರ್ ಸ್ವಿಚ್ ಓನರ್ ಮನೆಯೊಳಗಿತ್ತು. ಅವರು ಊರಿಗೆ ಹೋದರೆ ನಾವು ಪಕ್ಕದ ಮನೆಯಿಂದ ಬಕೆಟ್‌ನಲ್ಲಿ ನೀರು ತರಬೇಕಿತ್ತು. ಬೋರ್ ನೀರು ಇದ್ದರೆ ಬಚ್ಚಲಿನ ನಲ್ಲಿ ಬಾಯಿ ನೋಡಿ. ಬಿಳಿ ಪೊರೆ ದಪ್ಪಗೆ ಕಟ್ಟಿದ್ದರೆ ಗಡಸು ನೀರು. ಕೈಗೆ ಸೋಪು ಹಚ್ಚಿ ತೊಳೆದು ನೋಡಿ, ನೊರೆ ಬರುವುದಿಲ್ಲ. ಗೀಸರ್ ಕೆಡುವುದು ಆ ನೀರಿಗೇ, ಆದರೆ ಬಿಡುವಾಗ ಬಿಲ್ಲು ನಮ್ಮ ತಲೆಗೆ ಬರುತ್ತದೆ. ನನ್ನ 8,000 ಹೋದದ್ದು ಹಾಗೆಯೇ. 2024ರ ಬೇಸಿಗೆಯಲ್ಲಿ ಊರೆಲ್ಲ ನೀರಿಗೆ ಪರದಾಡಿತು, ಮಾರ್ಚ್‌ನಲ್ಲಿ ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು. ಹಾಗಾಗಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡಬೇಕು ಅನ್ನುವುದನ್ನೂ ಈಗಲೇ ಕೇಳಿ.

ಹೊಸದಾಗಿ ಬಣ್ಣ ಹೊಡೆದ ಗೋಡೆ ಕಂಡರೆ ಖುಷಿಪಡುವ ಮುಂಚೆ ಬೀರು ಇಡುವ ಮೂಲೆ, ಬಚ್ಚಲ ಹಿಂದಿನ ಗೋಡೆ, ಟೆರೇಸ್ ಕೆಳಗಿನ ಸೂರು ಮುಟ್ಟಿ ನೋಡಿ. ಇಲ್ಲಿ ಮರಗಳಿಂದ ಟೆರೇಸ್ ಮೇಲೆ ಎಲೆ ಬೀಳುತ್ತಲೇ ಇರುತ್ತದೆ. ಮಳೆನೀರಿನ ಪೈಪ್ ಕಟ್ಟಿಕೊಂಡರೆ ಸೂರು ಸೋರುತ್ತದೆ. ಒಂದು ಜೋರು ಮಳೆ ಬಂದ ಮರುದಿನ ಮನೆ ನೋಡಲು ಸಿಕ್ಕಿದರೆ ಅದು ನಿಮ್ಮ ಅದೃಷ್ಟ. ನಮ್ಮ ಅಪ್ಪನಿಗೆ ಮಂಡಿನೋವು, ಅದಕ್ಕೆ ಈ ಸಲ ಗ್ರೌಂಡ್ ಫ್ಲೋರ್ ಬೇಕೇ ಬೇಕಿತ್ತು. ಗೇಟಿನಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯಾ ಅಂತ ಅಪ್ಪನನ್ನೇ ಕರೆದುಕೊಂಡು ಹೋಗಿ ನಡೆಸಿ ನೋಡಿದೆವು. ಮೊದಲು ಒಪ್ಪಿದ್ದ ಒಂದು ಮನೆಯನ್ನು ಬಿಟ್ಟದ್ದು ಮೂರೇ ಮೂರು ಎತ್ತರದ ಮೆಟ್ಟಿಲಿಗಾಗಿ.

ಒಂದು ಮಾತು ನೋವಿನಿಂದಲೇ ಹೇಳುತ್ತೇನೆ. ಇಲ್ಲಿ ಬಹಳ ಕಡೆ ಮೊದಲ ಪ್ರಶ್ನೆ, "ನೀವು ನಾನ್‌ವೆಜ್ ಮಾಡ್ತೀರಾ?" ಅಂತ. ನಾವು ಮಾಡುತ್ತೇವೆ. ಮೊದಲ ಸಲ ಹುಡುಕುವಾಗ ಬ್ರೋಕರ್, "ಮೇಡಮ್, ಇಲ್ಲ ಅಂತ ಹೇಳ್ಬಿಡಿ, ಆಮೇಲೆ ಯಾರು ನೋಡ್ತಾರೆ" ಅಂದರು. ನಾನು ಹಾಗೇ ಹೇಳಿದೆ. ಒಂದು ವರ್ಷ ಕಿಟಕಿ ಮುಚ್ಚಿ ಸಾರು ಮಾಡಿದೆ. ಸ್ವಂತ ಅಡುಗೆಮನೆಯಲ್ಲಿ ಕಳ್ಳಿಯ ಹಾಗೆ ನಿಲ್ಲುವುದು ಬಹಳ ಕಷ್ಟ. ದಯವಿಟ್ಟು ಸುಳ್ಳು ಹೇಳಬೇಡಿ. ಫೋನಿನಲ್ಲೇ ನಿಜ ಹೇಳಿ. ಹತ್ತು ಮನೆ ಕೈತಪ್ಪಬಹುದು. ಹನ್ನೊಂದನೆಯ ಮನೆಯ ಆಂಟಿ, ಈಗಿನ ನಮ್ಮ ಓನರ್, ನಮಗೆ ಹೇಳಿದರು, "ನಿಮ್ಮ ಊಟ ನಿಮ್ಮಿಷ್ಟ ಅಮ್ಮ, ಕಸ ಮಾತ್ರ ಹಸಿ ಬೇರೆ, ಒಣ ಬೇರೆ ಮಾಡಿ ಕೊಡಿ." ಮದುವೆಯಾಗದ ಹುಡುಗ ಹುಡುಗಿಯರಿಗೂ ಇದೇ ಕಷ್ಟ ಇದೆ. ಅವರಿಗೂ ಇದನ್ನೇ ಹೇಳುತ್ತೇನೆ. ಮುಚ್ಚಿಟ್ಟು ಸೇರಿದ ಮನೆಯಿಂದ ಎಬ್ಬಿಸುವಾಗ ಅಡ್ವಾನ್ಸ್ ಜಗಳವೂ ಜೊತೆಗೆ ಬರುತ್ತದೆ.

ಅಡ್ವಾನ್ಸ್ ವಿಷಯಕ್ಕೆ ಬರೋಣ. ಬೆಂಗಳೂರಿನ ಹಳೇ ರೂಢಿ ಹತ್ತು ತಿಂಗಳ ಬಾಡಿಗೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅಂತ ಇದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ. ಇಲ್ಲಿ ನಡೆಯುವುದು ಮಾತುಕತೆ. ಐದಾರು ತಿಂಗಳಿಗೆ ಒಪ್ಪುವ ಓನರ್‌ಗಳು ಈಗ ಸಿಗುತ್ತಾರೆ. ನಾವು ಎರಡು ಲಕ್ಷಕ್ಕೆ ಒಪ್ಪಿಸಿದೆವು. ಟೋಕನ್ ಆಗಲಿ, ಅಡ್ವಾನ್ಸ್ ಆಗಲಿ, ಓನರ್ ಹೆಸರಿನ ಬ್ಯಾಂಕ್ ಖಾತೆಗೇ ಹಾಕಿ. ಮನೆ ನೋಡದೆ, ಫೋನಿನಲ್ಲಿ ಫೋಟೋ ತೋರಿಸಿ ಟೋಕನ್ ಕೇಳಿದರೆ ಅದು ಮೋಸವೇ. ಬಾಡಿಗೆ ಇಲ್ಲದೆ ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ, ಅಂದರೆ ಲೀಸ್‌ಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ನಡುವೆ ಇರುವವರ ಕೈಗೆ ದುಡ್ಡು ಕೊಟ್ಟು, ಅದು ಓನರ್‌ಗೆ ತಲುಪದೆ ಬೀದಿಗೆ ಬಂದ ಸಂಸಾರಗಳಿವೆ.

ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ ಯಾಕೆ ಅಂತ ತಂಗಿ ಕೇಳಿದಳು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದು. ತೊಂದರೆ ಇಲ್ಲ, ಇ-ಸ್ಟಾಂಪ್ ಕಾಗದದ ಮೇಲೆ ಇರಲಿ. ಆದರೆ ಟೈಪಿಸ್ಟ್ ಅಂಗಡಿಯಲ್ಲಿ ಸಿಗುವ ರೆಡಿ ಕಾಗದಕ್ಕೆ ಹಾಗೇ ಸಹಿ ಹಾಕಬೇಡಿ. ಅದರಲ್ಲಿ "ಹಾನಿಯಾದರೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಲಾಗುವುದು" ಅಂತ ಒಂದು ಸಾಲು ಇರುತ್ತದೆ. ನನ್ನ 68,000 ನುಂಗಿದ ಸಾಲು ಅದೇ. ಆ ಜಾಗದಲ್ಲಿ ನಾನು ಈ ಸಲ ಹೀಗೆ ಬರೆಸಿದೆ: ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಬಿಟ್ಟು ಬೇರೆ ಯಾವುದಕ್ಕೆ ಹಿಡಿದರೂ ರಿಪೇರಿ ಮಾಡಿಸಿದ ಬಿಲ್ ತೋರಿಸಬೇಕು. ದಿನನಿತ್ಯದ ಬಳಕೆಯಿಂದ ಸವೆದದ್ದಕ್ಕೆ ಹಿಡಿಯುವಂತಿಲ್ಲ. ಉಳಿದ ಹಣ ಕೀ ಕೊಡುವ ದಿನವೇ ಬ್ಯಾಂಕಿಗೆ ಬರಬೇಕು. ಬಾಡಿಗೆ ಏರಿಕೆ ಶೇಕಡಾ 5. ಮನೆ ಬಿಡಲು, ಬಿಡಿಸಲು ಇಬ್ಬರಿಗೂ ಎರಡು ತಿಂಗಳ ನೋಟಿಸ್. ಪೈಪ್, ವೈರಿಂಗ್, ಸೋರಿಕೆ ಓನರ್‌ದು. ಬಲ್ಬು, ನಲ್ಲಿ ವಾಷರ್ ನಮ್ಮದು. ಕಾರು ನಿಲ್ಲಿಸುವ ಜಾಗ ಯಾವುದು ಅಂತಲೂ ಬರೆಸಿ. ಆಂಟಿ ಓದಿ, "ಇಷ್ಟೆಲ್ಲಾ ಯಾಕಮ್ಮ, ನಂಬಿಕೆ ಇಲ್ವಾ?" ಅಂದರು. "ಆಂಟಿ, ನಾಳೆ ನಿಮ್ಮ ಮಗ ಬಂದು ಲೆಕ್ಕ ಕೇಳಿದರೆ ನಿಮಗೂ ಇದೇ ಆಧಾರ" ಅಂದೆ. ಅವರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿ ಸಹಿ ಮಾಡಿದರು.

ತೆರಿಗೆ ಬಗ್ಗೆ ಎರಡು ಮಾತು, ಇದು ನನ್ನ ಕಸುಬು. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯ ತೆರಿಗೆ ಲಾಭಕ್ಕೆ ಓನರ್ ಪ್ಯಾನ್ ಬೇಕು, ಮೊದಲೇ ಕೇಳಿಟ್ಟುಕೊಳ್ಳಿ. ತಿಂಗಳ ಬಾಡಿಗೆ 50,000 ಮೀರಿದರೆ ನೀವೇ ಟಿಡಿಎಸ್, ಅಂದರೆ ಓನರ್ ಪರವಾಗಿ ಬಾಡಿಗೆಯಲ್ಲೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 2024ರ ಅಕ್ಟೋಬರ್‌ನಿಂದ ಅದು ಶೇಕಡಾ 2. ಜಯನಗರದಲ್ಲಿ ಎಲ್ಲರೂ ಎಡವುವುದು ಇನ್ನೊಂದು ಕಡೆ. ಮನೆ ವಿದೇಶದಲ್ಲಿ ನೆಲೆಸಿರುವ ಮಗನ ಹೆಸರಿನಲ್ಲಿದ್ದರೆ ಈ 50,000ದ ಮಿತಿ ಇಲ್ಲ, ದರವೂ ಬಹಳ ಜಾಸ್ತಿ, ಶೇಕಡಾ 30ರ ಮೇಲೆ. ಹಿಡಿಯದಿದ್ದರೆ ನೋಟಿಸ್ ಬರುವುದು ಬಾಡಿಗೆದಾರರಿಗೆ. ಅಂಥ ಮನೆಯಾದರೆ ಅಗ್ರಿಮೆಂಟ್‌ಗೆ ಮುಂಚೆಯೇ ಒಬ್ಬ ಆಡಿಟರ್ ಹತ್ತಿರ ಹೋಗಿ ಬನ್ನಿ.

ಕರೆಂಟ್ ಮೀಟರ್ ನಿಮ್ಮ ಮನೆಗೇ ಬೇರೆ ಇದೆಯಾ ನೋಡಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ ಹಿಂದೆ ಇದ್ದವರ ಆಧಾರ್ ಆ ಮೀಟರ್‌ನಿಂದ ಬಿಡಿಸಿರಬೇಕು. ನೀವೂ ನಿಮ್ಮ ಹಳೇ ಮನೆಯದನ್ನು ಬಿಡಿಸಿಕೊಂಡು ಬರಬೇಕು.

ಕೊನೆಗೆ ಕೀ ಸಿಕ್ಕಿದ ದಿನ. ಸಾಮಾನಿನ ಲಾರಿ ಬರುವ ಮುಂಚೆ, ಖಾಲಿ ಮನೆಯಲ್ಲಿ ಒಂದು ಗಂಟೆ ಕಳೆಯಿರಿ. ನಾನು ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಸೂರು, ಕಬೋರ್ಡಿನ ಒಳಗೆ, ಕಿಟಕಿ ಚಿಲಕ, ನಲ್ಲಿ, ಗೀಸರ್ ಮೇಲಿನ ವರ್ಷದ ಚೀಟಿ, ಮೀಟರ್ ಅಂಕಿ ಎಲ್ಲಾ ಫೋಟೋ ತೆಗೆದೆ. ಎಂಬತ್ತಾರು ಫೋಟೋ ಆಯಿತು. ಅಡುಗೆಮನೆ ಕಲ್ಲಿನ ಮೇಲೆ ಟಾರ್ಚ್ ಹಿಡಿದು ಉದ್ದಕ್ಕೂ ವಿಡಿಯೋ ಮಾಡಿದೆ. ಸಿಂಕ್ ಪಕ್ಕ ಒಂದು ಮೂಲೆ ಮುರಿದಿತ್ತು. ಎಲ್ಲವನ್ನೂ ಆಂಟಿಯ ವಾಟ್ಸ್ಆ್ಯಪ್‌ಗೆ ಕಳಿಸಿ, ಕೆಳಗೆ ಬರೆದೆ: "ಆಂಟಿ, ಇವತ್ತು ಮನೆ ಹೀಗಿದೆ. ಸಿಂಕ್ ಹತ್ತಿರ ಕಲ್ಲಿನ ಮೂಲೆ ಮೊದಲೇ ಮುರಿದಿದೆ. ನೋಡಿ ಉತ್ತರ ಕೊಡಿ." ಅಪ್ಪ ಒಳಗೆ ಹಾಲು ಉಕ್ಕಿಸಲು ಪಾತ್ರೆ ಹುಡುಕುತ್ತಿದ್ದರು. ಹತ್ತು ನಿಮಿಷಕ್ಕೆ ಉತ್ತರ ಬಂತು. "ಹೌದಮ್ಮ, ಅದು ಹಿಂದಿನವರು ಇದ್ದಾಗ ಆಗಿದ್ದು."