ಭೀಮಾ ನದಿ ದಾಟಿ ಬಂದ ನನ್ನ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್

ಸೊಲ್ಲಾಪುರದಲ್ಲಿ ಬಸ್ ಹತ್ತಿದರೆ ಭೀಮಾ ನದಿ ದಾಟಿ, ಧೂಳಖೇಡ ಕಳೆದು, ಮೂರು ತಾಸಿನೊಳಗೆ ವಿಜಯಪುರ ಮುಟ್ಟಬಹುದು. ನನ್ನ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್ ಅದೇ ದಾರಿಯಲ್ಲಿ ಬರಲು ಏಳು ತಿಂಗಳು ಹಿಡಿಯಿತು. ಅದರಲ್ಲಿ ಕನಿಷ್ಠ ನಾಲ್ಕು ತಿಂಗಳು ಹಾಳಾಗಿದ್ದು ನನ್ನ ತಪ್ಪಿನಿಂದಲೇ. ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಹೆಸರು ವರ್ಗಾಯಿಸಿಕೊಳ್ಳುವುದು ಹೇಗೆ ಎಂದು ಈಗಲೂ ತಿಂಗಳಿಗೊಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. ಪ್ರತಿಸಲ ಮೊದಲಿಂದ ಹೇಳುವ ಬದಲು ಒಮ್ಮೆ ಬರೆದಿಟ್ಟರೆ ಆಯಿತು ಅನ್ನಿಸಿತು.

ನಾನು ಇಂಡಿ ತಾಲ್ಲೂಕಿನವನು. ಡಿ.ಫಾರ್ಮ್‌ಗೆ, ಅಂದರೆ ಫಾರ್ಮಸಿ ಡಿಪ್ಲೊಮಾಕ್ಕೆ, ಸೀಟು ಸಿಕ್ಕಿದ್ದು ಸೊಲ್ಲಾಪುರದಲ್ಲಿ. ಎರಡು ವರ್ಷ ಓದು, ಆಮೇಲೆ 500 ತಾಸಿನ ಪ್ರಾಯೋಗಿಕ ತರಬೇತಿ. ಅದರಲ್ಲಿ 250 ತಾಸು ಡಾಕ್ಟರ ಚೀಟಿ ನೋಡಿ ಔಷಧ ಕೊಡುವ ಕೆಲಸದಲ್ಲೇ ಕಳೆಯಬೇಕಿತ್ತು. ಓದಿದ್ದು ಅಲ್ಲಿ, ಹಾಗಾಗಿ ಫಾರ್ಮಸಿಸ್ಟ್‌ಗಳ ಹೆಸರು ನೋಂದಾಯಿಸುವ ಮಹಾರಾಷ್ಟ್ರದ ಫಾರ್ಮಸಿ ಕೌನ್ಸಿಲ್‌ನಲ್ಲೇ ಹೆಸರು ಬರೆಸಿದೆ. ಅಲ್ಲೇ ಒಂದು ಮೆಡಿಕಲ್‌ನಲ್ಲಿ ಒಂಬತ್ತು ವರ್ಷ ಕೆಲಸ. ಅಪ್ಪನಿಗೆ ಮೊಣಕಾಲು ನೋವು ಜಾಸ್ತಿಯಾದ ಮೇಲೆ ಈ ಕಡೆಗೆ ಬಂದು ವಿಜಯಪುರದಲ್ಲಿ ನನ್ನದೇ ಮೆಡಿಕಲ್ ಹಾಕುವುದೆಂದು ತೀರ್ಮಾನವಾಯಿತು.

ಆಗ ನನ್ನ ತಲೆಯಲ್ಲಿದ್ದ ಲೆಕ್ಕ ಸರಳವಾಗಿತ್ತು. ಫಾರ್ಮಸಿ ಕಾಯ್ದೆ 1948ರದ್ದು, ಕೇಂದ್ರದ ಕಾಯ್ದೆ. ದೆಹಲಿಯಲ್ಲಿ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಕೂತಿದೆ. ಹೀಗಿರುವಾಗ ಡ್ರೈವಿಂಗ್ ಲೈಸೆನ್ಸ್‌ನಂತೆ ಇದೂ ದೇಶಕ್ಕೆಲ್ಲ ನಡೆಯುತ್ತದೆ, ಬಂದ ಮೇಲೆ ಯಾವಾಗಲಾದರೂ ವಿಳಾಸ ಬದಲಿಸಿಕೊಂಡರಾಯಿತು ಎಂದುಕೊಂಡಿದ್ದೆ. ಅಂಗಡಿ ಬಾಡಿಗೆಗೆ ಹಿಡಿದು, ಅಡ್ವಾನ್ಸ್ ಕೊಟ್ಟು, ರ‍್ಯಾಕ್ ಹೊಡೆಸಲು ಬಡಿಗನಿಗೆ ಹೇಳಿದ್ದೂ ಆಗಿತ್ತು. ಔಷಧ ಮಾರಲು ಬೇಕಾದ ಡ್ರಗ್ ಲೈಸೆನ್ಸ್‌ಗೆ ಅರ್ಜಿ ತುಂಬಿಸಲು ಹೋದಾಗ, ಅಲ್ಲಿ ಕಾಗದಪತ್ರ ನೋಡಿಕೊಡುವ ಒಬ್ಬ ಹಿರಿಯರು ನನ್ನ ಸರ್ಟಿಫಿಕೇಟ್ ತಿರುವಿ ನೋಡಿ, "ತಮ್ಮಾ, ಇದು ಮಹಾರಾಷ್ಟ್ರದ್ದೈತಲ್ಲಪಾ. ಇಲ್ಲಿ ನೀ ಫಾರ್ಮಸಿಸ್ಟ್ ಅಲ್ಲ" ಅಂದರು.

ಸಿಟ್ಟು ಬಂತು. ಮನೆಗೆ ಬಂದು ಕಾಯ್ದೆ ತೆಗೆದು ಓದಿದೆ. ಒಂಬತ್ತು ವರ್ಷ ಕೆಲಸ ಮಾಡಿದವನು ಮೊದಲ ಸಲ ಓದಿದ್ದು ಎನ್ನಲು ಈಗ ನಾಚಿಕೆಯಿಲ್ಲ. ನಮ್ಮಲ್ಲಿ ಬಹಳ ಜನ ಓದಿಲ್ಲ. 2ನೇ ಕಲಮಿನಲ್ಲಿ 'ನೋಂದಾಯಿತ ಫಾರ್ಮಸಿಸ್ಟ್' ಎಂದರೆ ಯಾರು ಎಂದು ಬರೆದಿದೆ: ಸದ್ಯಕ್ಕೆ ತಾನು ಎಲ್ಲಿ ವಾಸಿಸುತ್ತಾನೋ, ಇಲ್ಲವೇ ಎಲ್ಲಿ ಈ ವೃತ್ತಿ ಮಾಡುತ್ತಾನೋ, ಆ ರಾಜ್ಯದ ರಿಜಿಸ್ಟರ್‌ನಲ್ಲಿ ಹೆಸರಿರುವವನು. 'ಸದ್ಯಕ್ಕೆ' ಎಂಬ ಆ ಒಂದು ಪದದಲ್ಲೇ ಎಲ್ಲ ಇದೆ. ಹೆಸರು ಇರುವುದು ರಾಜ್ಯದ ರಿಜಿಸ್ಟರ್‌ನಲ್ಲಿ. ದೆಹಲಿಯವರ ಕೇಂದ್ರ ರಿಜಿಸ್ಟರ್ ಎಂದರೆ ರಾಜ್ಯಗಳಿಂದ ಹೋದ ಹೆಸರುಗಳನ್ನು ಒಂದೆಡೆ ಸೇರಿಸಿಟ್ಟದ್ದು. ಅವರು ನಮ್ಮನ್ನು ರಾಜ್ಯದಿಂದ ರಾಜ್ಯಕ್ಕೆ ವರ್ಗಾಯಿಸುವುದಿಲ್ಲ. ನಾನು ಅವರಿಗೂ ಒಂದು ಇಮೇಲ್ ಹಾಕಿ ಎರಡು ವಾರ ಕಾದಿದ್ದೆ, ಅದು ಬೇರೆ ಮಾತು.

ಅದೇ ಕಾಯ್ದೆಯಲ್ಲಿ ಧೈರ್ಯ ಕೊಡುವ ಮಾತೂ ಸಿಕ್ಕಿತು. 32ನೇ ಕಲಮು: ಹದಿನೆಂಟು ತುಂಬಿರಬೇಕು, ಈ ರಾಜ್ಯದಲ್ಲಿ ವಾಸವಿರಬೇಕು ಅಥವಾ ವೃತ್ತಿ ಮಾಡುತ್ತಿರಬೇಕು, ಶುಲ್ಕ ಕಟ್ಟಬೇಕು, ಬೇರೆ ರಾಜ್ಯದಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಆಗಿದ್ದರೆ ಇಲ್ಲಿ ಹೆಸರು ಸೇರಿಸಿಕೊಳ್ಳಲು ಹಕ್ಕಿದೆ. ಯಾರೋ ದಯೆ ತೋರಿ ಕೊಡುವಂಥದ್ದಲ್ಲ, ಹಕ್ಕು. ಮತ್ತೆ ಪರೀಕ್ಷೆ ಬರೆಯಬೇಕಿಲ್ಲ. ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದಾಗ ಅಲ್ಲಿನ ಔಷಧ ಕಾನೂನಿನ ಪರೀಕ್ಷೆಗೆ ರಾತ್ರಿಯೆಲ್ಲ ಓದಿದ್ದು ಕೇಳಿದ್ದೆ. ನಮಗೆ ಆ ತಾಪತ್ರಯವಿಲ್ಲ. ಈಚೆಗೆ ಡಿಪ್ಲೊಮಾದವರಿಗೆ ಎಕ್ಸಿಟ್ ಪರೀಕ್ಷೆ ಬಂದಿದೆ ನಿಜ, 2022ರ ನಿಯಮ ಅದು. ಆದರೆ ಅದು ಹೊಸದಾಗಿ ಓದಿ ಮೊದಲ ಸಲ ಹೆಸರು ಬರೆಸುವವರ ಮಾತು. ಹಳೆಯ ನಿಯಮದಲ್ಲಿ ಓದಿ ಆಗಲೇ ನೋಂದಣಿ ನಂಬರ್ ಪಡೆದಿದ್ದ ನನ್ನನ್ನು ಯಾರೂ ಅದನ್ನು ಕೇಳಲಿಲ್ಲ.

ಇಷ್ಟು ತಿಳಿದ ಮೇಲೆ ಹುರುಪಿನಲ್ಲಿ ಮಾಡಿದ ಕೆಲಸವೇ ಮೊದಲ ತಪ್ಪು. ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ಗೆ ನೇರವಾಗಿ ಅರ್ಜಿ ಹಾಕಿದೆ. ಇಲ್ಲಿ ಬೇಕಾದ ಬೇರೆಲ್ಲ ಕಾಗದ ನನ್ನ ಹತ್ತಿರ ಇತ್ತು. ಇಲ್ಲದ್ದು ಹಳೆಯ ಕೌನ್ಸಿಲ್‌ನ ಎನ್‌ಒಸಿ ಮತ್ತು ಗುಡ್ ಸ್ಟ್ಯಾಂಡಿಂಗ್ ಪತ್ರ. ಇವನ ಹೆಸರು ನಮ್ಮಲ್ಲಿ ಚಾಲ್ತಿಯಲ್ಲಿದೆ, ಇವನ ಮೇಲೆ ಯಾವ ದೂರೂ ಇಲ್ಲ, ಇವನು ಹೋಗಲು ನಮ್ಮ ತಕರಾರಿಲ್ಲ ಎಂದು ಅವರು ಬರೆದುಕೊಡಬೇಕು. ಹೊಸ ರಾಜ್ಯದ ಬಾಗಿಲು ತಟ್ಟುವ ಮೊದಲು ಹಳೆಯ ರಾಜ್ಯದ ಗಂಟು ಬಿಚ್ಚಿಕೊಳ್ಳಬೇಕು ಎಂದು ತಿಳಿದದ್ದು ಆಗಲೇ. ನನ್ನ ಗಂಟುಗಳು ಮೂರಿದ್ದವು.

ಮೊದಲನೆಯದು ರಿನ್ಯೂವಲ್. ಎನ್‌ಒಸಿಗೆ ಅರ್ಜಿ ಹಾಕಿದಾಗ ತಿಳಿದ ಸಂಗತಿ ಏನೆಂದರೆ, ನನ್ನ ನವೀಕರಣದ ಅವಧಿ ಮುಗಿದು ಹನ್ನೊಂದು ತಿಂಗಳಾಗಿತ್ತು. ಅಂದರೆ ಹನ್ನೊಂದು ತಿಂಗಳು ನಾನು ಕೌಂಟರ್ ಹಿಂದೆ ನಿಂತು ಔಷಧ ಕೊಟ್ಟದ್ದು ಚಾಲ್ತಿಯಲ್ಲಿಲ್ಲದ ನಂಬರಿನ ಮೇಲೆ. ಮಾಲಕರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಶುಲ್ಕ ಕಟ್ಟದಿದ್ದರೆ ರಿಜಿಸ್ಟ್ರಾರ್ ಹೆಸರು ತೆಗೆಯಬಹುದು, ಕಟ್ಟಿದರೆ ಮತ್ತೆ ಸೇರಿಸಬಹುದು ಎಂದು 34ನೇ ಕಲಮು ಹೇಳುತ್ತದೆ. ಕಟ್ಟಿದೆ. ಆದರೆ ಬರೀ ದುಡ್ಡಿನಿಂದ ಮುಗಿಯಲಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಐದು ವರ್ಷದಲ್ಲಿ ಕನಿಷ್ಠ ಎರಡು ರಿಫ್ರೆಶರ್ ಕೋರ್ಸ್‌ಗೆ ಹಾಜರಾಗಬೇಕು, ತಲಾ ಒಂದು ದಿನದ್ದು. ನಾನು ಹೋಗಿದ್ದು ಒಂದಕ್ಕೆ, ಅದೂ ಊಟ ಚೆನ್ನಾಗಿರುತ್ತದೆ ಎಂದು ಗೆಳೆಯ ಎಳೆದುಕೊಂಡು ಹೋಗಿದ್ದರಿಂದ. ಇನ್ನೊಂದು ನಡೆಯುವವರೆಗೆ ಕಾಯಬೇಕಾಯಿತು. ಏಳು ವಾರ ಅಲ್ಲೇ ಹೋಯಿತು.

ಎರಡನೆಯದು ಕೆಲಸ ಮಾಡಿದ ಅಂಗಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಸಿಕ್ಕಿಬೀಳುವುದು ಇಲ್ಲೇ.

ಡ್ರಗ್ಸ್ ನಿಯಮಗಳ ಪ್ರಕಾರ ಚೀಟಿಯ ಔಷಧ ಮಾರಾಟವಾಗಬೇಕಾದದ್ದು ನೋಂದಾಯಿತ ಫಾರ್ಮಸಿಸ್ಟ್‌ನ ಖುದ್ದು ಮೇಲ್ವಿಚಾರಣೆಯಲ್ಲಿ. ಅದಕ್ಕೇ ಮೆಡಿಕಲ್‌ನ ಲೈಸೆನ್ಸ್‌ಗೆ ಒಬ್ಬ ಫಾರ್ಮಸಿಸ್ಟ್‌ನ ಹೆಸರು, ನಂಬರ್ ಅಂಟಿಕೊಂಡಿರುತ್ತದೆ. ನಾವು ಕೆಲಸ ಬಿಟ್ಟು ಬಂದರೂ ಆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ನಾನು ಬಿಡುತ್ತೇನೆ ಎಂದಾಗ ಮಾಲಕರು ನಗುತ್ತಲೇ ಅಂದದ್ದು: "ಹೋಗಪಾ, ಬ್ಯಾಡ ಅನ್ನಂಗಿಲ್ಲ. ಸರ್ಟಿಫಿಕೇಟ್ ಅಷ್ಟ ಇಲ್ಲೇ ಇರ್ಲಿ ಬಿಡು. ತಿಂಗಳಾ ತಿಂಗಳಾ ನಿನ್ನ ಅಕೌಂಟಿಗೆ ಹಾಕ್ತೀನಿ."

ಸರ್ಟಿಫಿಕೇಟ್ ಬಾಡಿಗೆ. ಈ ಧಂದೆಯ ಬಗ್ಗೆ ಗೊತ್ತಿಲ್ಲದ ಫಾರ್ಮಸಿಸ್ಟ್ ಇಲ್ಲ. ಗೋಡೆಯ ಮೇಲೆ ಒಬ್ಬನ ಫೋಟೊ, ಕೌಂಟರ್‌ನಲ್ಲಿ ಹತ್ತನೇ ಫೇಲಾದ ಹುಡುಗ. ನಾನು ಹರಿಶ್ಚಂದ್ರನೇನಲ್ಲ, ಒಂದು ರಾತ್ರಿ ಆ ದುಡ್ಡಿನ ಲೆಕ್ಕ ಹಾಕಿದ್ದೂ ಉಂಟು. ಆದರೆ ಕರ್ನಾಟಕದಲ್ಲಿ ನನ್ನ ಹೆಸರಿನ ಮೇಲೆ ಅಂಗಡಿ ತೆಗೆದು, ಸೊಲ್ಲಾಪುರದಲ್ಲೂ ಅದೇ ಹೆಸರು ನೇತಾಡುತ್ತಿದ್ದರೆ ಎರಡೂ ಕಡೆ ಹೋಗುತ್ತದೆ. ಒಬ್ಬನೇ ಮನುಷ್ಯ ಎರಡು ರಾಜ್ಯದ ಕೌಂಟರ್‌ನಲ್ಲಿ ಏಕಕಾಲಕ್ಕೆ ನಿಲ್ಲಲಾರ. ಹೊಸ ರಾಜ್ಯದಲ್ಲಿ ಹೆಸರು ಸೇರುವಾಗ ಹಳೆಯದರಲ್ಲಿ ತೆಗೆಸಿ ಎಂದು ಕೌನ್ಸಿಲ್‌ಗಳು ಹಟ ಹಿಡಿಯುವುದಕ್ಕೆ ಇದೇ ಕಾರಣ. "ಇಲ್ರಿ ಸಾವ್ಕಾರ್ರ, ರಾಜೀನಾಮೆ ತಗೋರಿ" ಅಂದೆ.

ಅವರು ತಗೊಳ್ಳಲಿಲ್ಲ. ಬೇರೆ ಫಾರ್ಮಸಿಸ್ಟ್ ಸಿಗುವವರೆಗೆ ತಡಿ ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ರಾಜೀನಾಮೆಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಅವರಿಗೆ ಕಳಿಸಿದೆ. ಇಂಥ ತಾರೀಖಿನಿಂದ ನಾನು ಆ ಅಂಗಡಿಯ ಫಾರ್ಮಸಿಸ್ಟ್ ಅಲ್ಲ ಎಂದು ಅಲ್ಲಿನ ಎಫ್‌ಡಿಎ (ಆಹಾರ ಮತ್ತು ಔಷಧ ಆಡಳಿತ) ಕಚೇರಿಗೂ ನಾನೇ ಬರೆದು, ಪ್ರತಿಯ ಮೇಲೆ ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಂಡು ಬಂದೆ. ಆ ಸಿಕ್ಕಾ ಬಿದ್ದ ಪ್ರತಿ ಮುಂದೆ ಮೂರು ಕಡೆ ಕೆಲಸಕ್ಕೆ ಬಂತು. ಮಾಲಕರು ಅನುಭವ ಪತ್ರ ಮಾತ್ರ ಕೊಡಲೇ ಇಲ್ಲ. ಒಂಬತ್ತು ವರ್ಷದ ದುಡಿಮೆಗೆ ನನ್ನಲ್ಲಿರುವ ಸಾಕ್ಷಿ ಈಗ ಬ್ಯಾಂಕ್ ಪಾಸ್‌ಬುಕ್ ಒಂದೇ.

ಮೂರನೆಯ ಗಂಟು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ, ಅಡ್ಡಹೆಸರು. ಡಿಪ್ಲೊಮಾದಲ್ಲಿ ಮರಾಠಿ ಪದ್ಧತಿಯಂತೆ ಅಡ್ಡಹೆಸರು ಮೊದಲು, ಆಮೇಲೆ ನಾನು, ಆಮೇಲೆ ಅಪ್ಪನ ಪೂರ್ತಿ ಹೆಸರು. ಆಧಾರ್‌ನಲ್ಲಿ ಅಡ್ಡಹೆಸರೇ ಇಲ್ಲ. ಗಡಿಭಾಗದಲ್ಲಿ ಓದಿದವರ ಮನೆಯಲ್ಲೆಲ್ಲ ಇದೇ ಕಥೆ. ಮೂವರೂ ಒಬ್ಬನೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆ. ಆಧಾರ್ ತಿದ್ದಿಸಿ ಎಸ್ಸೆಸ್ಸೆಲ್ಸಿಗೆ ಹೊಂದಿಸಿದೆ. ಎಲ್ಲದಕ್ಕೂ ಮೂಲ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಂದಿಟ್ಟುಕೊಂಡರೆ ಗೊಂದಲ ಕಡಿಮೆ. ಆಧಾರ್ ವಿಳಾಸವೂ ಸೊಲ್ಲಾಪುರದ್ದೇ ಇತ್ತು, ಅದನ್ನೂ ಆಗಲೇ ಬದಲಿಸಿದೆ. ಈ ರಾಜ್ಯದಲ್ಲಿ ವಾಸ ಎಂದು ತೋರಿಸಲು ಅದು ಬೇಕೇ ಬೇಕಿತ್ತು. ಜೊತೆಗೆ ಅಂಗಡಿಯ ಬಾಡಿಗೆ ಕರಾರು ಇಟ್ಟೆ.

ಮೂರೂ ಬಿಚ್ಚಿದ ಮೇಲೆ ಉಳಿದದ್ದು ಅಂಥ ಕಷ್ಟದ ಕೆಲಸವಲ್ಲ. ಎನ್‌ಒಸಿ ಬಂತು. ಬೆಂಗಳೂರಿಗೆ ಮತ್ತೆ ಅರ್ಜಿ ಹೋಯಿತು. ಅಂಕಪಟ್ಟಿ, ಡಿಪ್ಲೊಮಾ, ತರಬೇತಿ ಪತ್ರ, ಹಳೆಯ ನೋಂದಣಿಯ ಮೂಲಪ್ರತಿ, ಅಫಿಡವಿಟ್, ಫೋಟೊ ಎಲ್ಲ ಸೇರಿಸಿದೆ. ನನ್ನ ಡಿಪ್ಲೊಮಾ ನಿಜವೋ ಅಲ್ಲವೋ ಎಂದು ಕೊಟ್ಟವರಿಗೆ ಬರೆದು ಕೇಳುತ್ತಾರೆ. ಅದು ಕಚೇರಿಯಿಂದ ಕಚೇರಿಗೆ ಹೋಗುವ ಪತ್ರ. ನಕಲಿ ಸರ್ಟಿಫಿಕೇಟ್‌ಗಳು ಸಿಕ್ಕಿಬೀಳುವುದೇ ಅಲ್ಲಿ, ಆದ್ದರಿಂದ ತಡವಾಯಿತೆಂದು ನನಗೆ ಬೇಜಾರಾಗಲಿಲ್ಲ. ಫೋನ್ ಮಾಡುವಾಗ ಹೆಸರು ಹೇಳಿ ಪ್ರಯೋಜನವಿಲ್ಲ, ಅರ್ಜಿ ಬಂದಾಗ ಕಚೇರಿಯವರು ಕೊಡುವ ಇನ್‌ವರ್ಡ್ ನಂಬರ್ ಹೇಳಬೇಕು. ಅರ್ಜಿ ತಿರಸ್ಕಾರವಾದರೆ ಮೂರು ತಿಂಗಳೊಳಗೆ ಕೌನ್ಸಿಲ್‌ಗೆ ಮೇಲ್ಮನವಿ ಹಾಕಲು 33ನೇ ಕಲಮಿನಲ್ಲಿ ಅವಕಾಶವಿದೆ. ನನಗೆ ಆ ಪ್ರಸಂಗ ಬರಲಿಲ್ಲ.

ಕಷ್ಟವಾಗಿದ್ದು ನಡುವಿನ ಕಾಲ. ಹಳೆಯ ಮೂಲ ಸರ್ಟಿಫಿಕೇಟ್ ಕೊಟ್ಟಾಗಿದೆ, ಹೊಸದು ಬಂದಿಲ್ಲ. ಬಾಡಿಗೆ ಅಂಗಡಿ ಖಾಲಿ ಬಿದ್ದಿದೆ, ರ‍್ಯಾಕ್‌ಗಳ ಮೇಲೆ ಧೂಳು. ಇಲ್ಲಿನ ಗೆಳೆಯರು, "ಯಾರದರ ಸರ್ಟಿಫಿಕೇಟ್ ತಂದು ಚಾಲೂ ಮಾಡೋ ಮಾರಾಯ, ಯಾರ ಕೇಳ್ತಾರ?" ಎನ್ನುತ್ತಿದ್ದರು. ನೋಂದಾಯಿತನಲ್ಲದವನು ಡಾಕ್ಟರ ಚೀಟಿಗೆ ಔಷಧ ಕೊಡುವುದು 42ನೇ ಕಲಮಿನ ಪ್ರಕಾರ ಅಪರಾಧ. ಮೊದಲು ಅದಕ್ಕೆ ದಂಡ ಬರೀ ಸಾವಿರ ರೂಪಾಯಿಯವರೆಗೆ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ಲಕ್ಷಗಳಿಗೆ ಏರಿಸಿದೆ. ಜೈಲಿನ ಮಾತು ಆಗಲೂ ಇತ್ತು, ಈಗಲೂ ಇದೆ. ನಾನು ಒಬ್ಬ ಹೋಲ್‌ಸೇಲ್‌ನವರ ಗೋಡೌನ್‌ನಲ್ಲಿ ಬಿಲ್ ಮಾಡಿ, ಡಬ್ಬಿ ಎಣಿಸಿ ಆ ತಿಂಗಳುಗಳನ್ನು ದೂಡಿದೆ. ಸಂಬಳ ಅರ್ಧಕ್ಕಿಳಿಯಿತು. ಅಂಗಡಿಯ ಬಾಡಿಗೆ ಪೂರ್ತಿಯೇ ಕಟ್ಟಿದೆ. ಈಗ ಕೇಳುವವರಿಗೆ ನಾನು ಹೇಳುವುದು ಇದನ್ನೇ: ನಂಬರ್ ಕೈಗೆ ಬರುವ ಮೊದಲು ಅಂಗಡಿ ಹಿಡಿಯಬೇಡಿ. ನೌಕರಿಗೆ ಹೋಗುವವರಾದರೆ ಆಸ್ಪತ್ರೆಯವರಿಗೆ ಸೇರುವ ದಿನಾಂಕ ಬರೆದುಕೊಡಬೇಡಿ.

ಹೊಸ ನಂಬರ್ ಬಂದದ್ದು ಒಂದು ಶನಿವಾರ ಸ್ಪೀಡ್ ಪೋಸ್ಟ್‌ನಲ್ಲಿ. ಮನೆಯಲ್ಲಿ ಅವ್ವ ಅದನ್ನು ದೇವರ ಮುಂದಿಟ್ಟಳು. ನಾನು ಸೋಮವಾರವೇ ಅದರ ಪ್ರತಿಯನ್ನು ಹಳೆಯ ಕೌನ್ಸಿಲ್‌ಗೆ ಕಳಿಸಿ, ಅಲ್ಲಿ ನನ್ನ ಹೆಸರು ತೆಗೆದದ್ದಕ್ಕೆ ಪತ್ರ ಕೊಡಿ ಎಂದು ಬರೆದೆ. ಆ ಪತ್ರ ಬಂದ ಮೇಲೆಯೇ ಫಾರಂ 20 ಮತ್ತು 21ರ ಚಿಲ್ಲರೆ ಮಾರಾಟದ ಡ್ರಗ್ ಲೈಸೆನ್ಸ್‌ಗಳಿಗೆ ಅರ್ಜಿ ಹಾಕಿದ್ದು.

ಪರಿಶೀಲನೆಗೆ ಬಂದ ಡ್ರಗ್ ಇನ್ಸ್‌ಪೆಕ್ಟರ್ ಮೇಡಂ ಟೇಪ್ ಹಿಡಿದು ಅಂಗಡಿ ಅಳೆದರು. ಚಿಲ್ಲರೆ ಮಾರಾಟಕ್ಕೆ ಕನಿಷ್ಠ 10 ಚದರ ಮೀಟರ್ ಬೇಕು, ನನ್ನದು ಹನ್ನೊಂದರ ಮೇಲೆ ಚೂರು. ಫ್ರಿಜ್ ತೆಗೆದು ನೋಡಿದರು. ಆಮೇಲೆ ಫೈಲ್ ತಿರುವುತ್ತಾ, "ಸೊಲ್ಲಾಪುರದಾಗ ಇನ್ನೂ ಎಲ್ಲ್ಯಾರ ಹೆಸರೈತೇನ್ರಿ ನಿಮ್ದು?" ಎಂದು ಕೇಳಿದರು. ರಾಜೀನಾಮೆಯ ಸಿಕ್ಕಾ ಪ್ರತಿ ಮತ್ತು ಹೆಸರು ತೆಗೆದ ಪತ್ರ ಎರಡನ್ನೂ ಮುಂದಿಟ್ಟೆ. ತಾರೀಖು ಓದಿ, ಫೈಲ್‌ಗೆ ಪಿನ್ ಹೊಡೆದು, ಮುಂದಿನ ಅಂಗಡಿಗೆ ಹೋದರು.