ಸರ್ವರ್ ಡೇಟಾವನ್ನು ಸ್ಟೋರ್‌ನಿಂದ ಹೊರಗೆ ತೆಗೆದ ಬಗೆ

ನಾವು ನೋಡಿಕೊಳ್ಳುವುದು ಒಂದು ಅಡ್ಮಿನ್ ಪ್ಯಾನೆಲ್. ಆರ್ಡರ್‌ಗಳ ಪಟ್ಟಿ, ಗ್ರಾಹಕರ ವಿವರ, ಫಿಲ್ಟರ್‌ಗಳು, ಒಂದಷ್ಟು ಫಾರ್ಮ್‌ಗಳು. ತೆರೆ ಕಟ್ಟುವ ರಿಯಾಕ್ಟ್, ಮತ್ತು ಆ್ಯಪ್‌ನ ಡೇಟಾವನ್ನು ‘ಸ್ಟೋರ್’ ಎಂಬ ಒಂದೇ ಜಾಗದಲ್ಲಿ ಇಡುವ ರಿಡಕ್ಸ್, ಈ ಎರಡು ಲೈಬ್ರರಿಗಳಲ್ಲಿ ಬರೆದದ್ದು. ಎಲ್ಲವೂ ಒಂದೇ ಸ್ಟೋರ್‌ನಲ್ಲಿತ್ತು: ಸರ್ವರ್‌ನಿಂದ ಬಂದ ಆರ್ಡರ್‌ಗಳು, ಮೋಡಲ್ (ಪುಟದ ಮೇಲೆ ಬರುವ ಪೆಟ್ಟಿಗೆ) ತೆರೆದಿದೆಯೋ ಇಲ್ಲವೋ, ಸರ್ಚ್ ಬಾಕ್ಸ್‌ನಲ್ಲಿ ಟೈಪ್ ಮಾಡುತ್ತಿರುವ ಅಕ್ಷರಗಳು. ಅದನ್ನು ಬೇರೆ ಬೇರೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ರಿಡಕ್ಸ್ ಮೇಲೆ ನನಗೆ ಸಿಟ್ಟೇನಿಲ್ಲ. 2015ರಲ್ಲಿ ಅದು ಬಂದಾಗ, ಡೇಟಾ ಎಲ್ಲಿಂದ ಬದಲಾಯಿತು ಅಂತ ಹುಡುಕುವ ತಲೆನೋವು ನಿಜವಾಗಿಯೂ ತಪ್ಪಿತು. ಆದರೆ ನಮ್ಮಲ್ಲಿ ಸರ್ವರ್‌ಗೆ ಹೋಗುವ ಪ್ರತಿ ಎಪಿಐ ಕರೆಗೂ ಮೂರು ಆ್ಯಕ್ಷನ್ (ಏನಾಯಿತು ಎಂದು ಸ್ಟೋರ್‌ಗೆ ಹೇಳುವ ಸಂದೇಶ), ಒಂದು ರಿಡ್ಯೂಸರ್ (ಅದರಂತೆ ಸ್ಟೋರ್ ಬದಲಾಯಿಸುವ ಫಂಕ್ಷನ್), ಒಂದು ಲೋಡಿಂಗ್ ಫ್ಲ್ಯಾಗ್, ಒಂದು ಎರರ್ ಫ್ಲ್ಯಾಗ್. ಇಷ್ಟೆಲ್ಲ ಬರೆದ ಮೇಲೂ ಮುಖ್ಯ ಪ್ರಶ್ನೆಗಳು ಹಾಗೇ ಉಳಿದಿದ್ದವು. ಈ ಡೇಟಾ ಎಷ್ಟು ಹಳೆಯದು? ಎರಡು ಕಾಂಪೊನೆಂಟ್‌ಗಳಿಗೆ ಒಂದೇ ಡೇಟಾ ಬೇಕಾದರೆ ತರುವವರು ಯಾರು? ಒಂದು ಆರ್ಡರ್ ತಿದ್ದಿದರೆ ಯಾವ ಯಾವ ಪಟ್ಟಿಗಳು ಸುಳ್ಳಾದವು? ಇವು ಸ್ಟೇಟ್‌ನ (ಆ್ಯಪ್‌ನ ಸ್ವಂತ ಸ್ಥಿತಿಯ) ಪ್ರಶ್ನೆಗಳಲ್ಲ, ಕ್ಯಾಶ್‌ನ (ಬೇರೆಡೆಯಿಂದ ತಂದಿಟ್ಟುಕೊಂಡ ನಕಲಿನ) ಪ್ರಶ್ನೆಗಳು.

ಕೋಡ್ ಮುಟ್ಟುವ ಮೊದಲು ಸ್ಟೋರ್‌ನ ಒಂದೊಂದು ಫೀಲ್ಡನ್ನೂ ಬರೆದುಕೊಂಡು, ಪಕ್ಕದಲ್ಲಿ ಒಂದೇ ಪ್ರಶ್ನೆ ಹಾಕಿದೆ: ನಮ್ಮ ಟ್ಯಾಬ್‌ಗೆ ತಿಳಿಯದ ಹಾಗೆ ಇದನ್ನು ಬೇರೆಯವರು ಬದಲಾಯಿಸಬಹುದೇ? ಆರ್ಡರ್‌ನ ಸ್ಥಿತಿಯನ್ನು ಬದಲಾಯಿಸಬಹುದು. ಹಾಗಾದರೆ ನಮ್ಮ ಹತ್ತಿರ ಇರುವುದು ಬರೀ ನಕಲು, ಅಸಲು ಸರ್ವರ್‌ನಲ್ಲಿದೆ. ಸೈಡ್‌ಬಾರ್ ಮುಚ್ಚಿದೆಯೋ ಇಲ್ಲವೋ ಅನ್ನುವುದು ಹಾಗಲ್ಲ, ಅದರ ಅಸಲು ಇಲ್ಲೇ ಇದೆ. ಫಿಲ್ಟರ್ ಮತ್ತು ಪುಟದ ಸಂಖ್ಯೆ ಯುಆರ್‌ಎಲ್‌ಗೆ ಹೋದವು. ರಿಫ್ರೆಶ್ ಮಾಡಿದರೂ ಉಳಿಯಬೇಕು, ಲಿಂಕ್ ಕಳಿಸಿದರೆ ಎದುರಿನವರಿಗೂ ಅದೇ ಪಟ್ಟಿ ಕಾಣಬೇಕು, ಅಲ್ವಾ? ಟೈಪ್ ಆಗುತ್ತಿರುವ ಅಕ್ಷರಗಳು ಆಯಾ ಕಾಂಪೊನೆಂಟ್‌ನ ಒಳಗೇ ಸೇರಿದವು. ಇಷ್ಟಾದ ಮೇಲೆ ನೋಡಿದರೆ ಸ್ಟೋರ್‌ನ ಬಹುಪಾಲು ಸರ್ವರ್‌ನ ನಕಲೇ ಆಗಿತ್ತು.

ಆ ನಕಲುಗಳಿಗೆ ಟ್ಯಾನ್‌ಸ್ಟ್ಯಾಕ್ ಕ್ವೆರಿ ಹಿಡಿದೆ, ಸರ್ವರ್ ಡೇಟಾ ತಂದು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವ ಲೈಬ್ರರಿ ಅದು. ಹಿಂದೆ ರಿಯಾಕ್ಟ್ ಕ್ವೆರಿ ಅನ್ನುತ್ತಿದ್ದದ್ದು ಇದನ್ನೇ. ರಿಡಕ್ಸ್ ಬಿಡುವ ಯೋಚನೆಯೇ ಇಲ್ಲದ ತಂಡವಾದರೆ, ಇದೇ ಕೆಲಸಕ್ಕೆ ರಿಡಕ್ಸ್ ಜೊತೆಗೇ ಬರುವ ಆರ್‌ಟಿಕೆ ಕ್ವೆರಿಯೇ ಸಲೀಸು. ನಮಗೆ ಸ್ಟೋರನ್ನೇ ಸಣ್ಣದು ಮಾಡಬೇಕಿತ್ತು. ಹಳೆಯದು, ಹೊಸದು ಒಟ್ಟಿಗೇ ಓಡಬಲ್ಲವು, ಆದ್ದರಿಂದ ಒಂದೊಂದೇ ಸ್ಕ್ರೀನ್ ಬದಲಾಯಿಸುತ್ತಾ ಹೋದೆ. ಬರೀ ಓದುವ ಸ್ಕ್ರೀನ್‌ಗಳು ಮೊದಲು, ತಿದ್ದುವ ಸ್ಕ್ರೀನ್‌ಗಳು ಆಮೇಲೆ. ತಂಡಕ್ಕೆ ಒಂದೇ ಕಟ್ಟುನಿಟ್ಟು: ಕ್ವೆರಿಯಿಂದ ಬಂದ ಡೇಟಾವನ್ನು ಯೂಸ್‌ಎಫೆಕ್ಟ್ (ತೆರೆ ಬದಲಾದ ಮೇಲೆ ಓಡುವ ರಿಯಾಕ್ಟ್ ಕೋಡ್) ಹಾಕಿ ಮತ್ತೆ ಸ್ಟೋರ್‌ಗೆ ಸುರಿಯಬಾರದು. ಸುರಿದರೆ ನಕಲಿಗೊಂದು ನಕಲು ಹುಟ್ಟುತ್ತದೆ. ಎರಡರಲ್ಲಿ ಯಾವುದು ಹೊಸದು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಕ್ವೆರಿ ಕೀಗಳು, ಅಂದರೆ ಕ್ಯಾಶ್‌ನಲ್ಲಿ ಪ್ರತಿ ಡೇಟಾಗೂ ಕೊಡುವ ಗುರುತು. ಡೇಟಾ ತರುವ ಫಂಕ್ಷನ್ ಯಾವುದರ ಮೇಲೆ ನಿಂತಿದೆಯೋ ಅದೆಲ್ಲ ಕೀಯಲ್ಲಿ ಇರಬೇಕು. ನಮ್ಮ ಪಟ್ಟಿಯ ಕೀ ಒಂದು ಅರೇ: ಮೊದಲು ‘ಆರ್ಡರ್ಸ್’, ಆಮೇಲೆ ‘ಲಿಸ್ಟ್’, ಕೊನೆಗೆ ಫಿಲ್ಟರ್ ಮತ್ತು ಪುಟ ಇರುವ ಆಬ್ಜೆಕ್ಟ್. ವಿವರದ ಪುಟಕ್ಕೆ ‘ಆರ್ಡರ್ಸ್’, ‘ಡೀಟೇಲ್’, ಐಡಿ. ಆಬ್ಜೆಕ್ಟ್ ಒಳಗಿನ ಹೆಸರುಗಳು ಹಿಂದುಮುಂದಾದರೆ ತೊಂದರೆಯಿಲ್ಲ, ಅರೇಯ ಕ್ರಮ ಬದಲಾದರೆ ಮಾತ್ರ ಅದು ಬೇರೆಯದೇ ಕೀ. ಕೀಗಳನ್ನು ಅಲ್ಲಲ್ಲಿ ಕೈಯಲ್ಲಿ ಟೈಪ್ ಮಾಡುವುದು ಬೇಡವೆಂದು ಅವನ್ನು ಕಟ್ಟಿಕೊಡುವ ಫಂಕ್ಷನ್‌ಗಳನ್ನು ಒಂದೇ ಫೈಲ್‌ನಲ್ಲಿಟ್ಟೆ.

ಇದರಿಂದ ಒಂದು ಹಳೆಯ ಕಾಟ ತಾನಾಗಿಯೇ ಹೋಯಿತು. ಬಳಕೆದಾರರು ಫಿಲ್ಟರನ್ನು ಬೇಗ ಬೇಗ ಬದಲಾಯಿಸಿದರೆ, ಮೊದಲು ಕೇಳಿದ್ದರ ಉತ್ತರ ತಡವಾಗಿ ಬಂದು ಹೊಸ ಪಟ್ಟಿಯ ಮೇಲೆ ಕೂರುತ್ತಿತ್ತು. ಈಗ ಪ್ರತಿ ಉತ್ತರವೂ ತನ್ನ ಕೀ ಇರುವ ಜಾಗಕ್ಕೇ ಹೋಗುತ್ತದೆ. ಕ್ವೆರಿ ಕೊಡುವ ಅಬಾರ್ಟ್ ಸಿಗ್ನಲ್ಲನ್ನು (ನಿಲ್ಲಿಸು ಎಂಬ ಸೂಚನೆ) ಸರ್ವರ್ ಕರೆ ಮಾಡುವ ಫೆಚ್‌ಗೆ ದಾಟಿಸಿದರೆ ಬೇಡವಾದ ಕರೆ ಅರ್ಧದಲ್ಲೇ ನಿಲ್ಲುತ್ತದೆ.

ಸ್ಟೇಲ್‌ಟೈಮ್ (ಡೇಟಾವನ್ನು ಎಷ್ಟು ಹೊತ್ತು ಹೊಸದೆಂದು ನಂಬಬೇಕು ಅನ್ನುವ ಸೆಟ್ಟಿಂಗ್) ವಿಷಯಕ್ಕೆ ತಂಡದಲ್ಲಿ ಸಾಕಷ್ಟು ವಾದ ನಡೆಯಿತು. ಅದರ ಡಿಫಾಲ್ಟ್ ಸೊನ್ನೆ. ಅಂದರೆ ಬಂದ ಕ್ಷಣದಿಂದಲೇ ಡೇಟಾ ಹಳೆಯದು ಎಂದು ಲೆಕ್ಕ. ಬೇರೆ ಟ್ಯಾಬ್‌ಗೆ ಹೋಗಿ ವಾಪಸ್ ಬಂದರೂ ಸುಮ್ನೆ ಇನ್ನೊಂದು ಕರೆ. ನೆಟ್‌ವರ್ಕ್ ಟ್ಯಾಬ್ ನೋಡಿದವರೆಲ್ಲ ಇದು ಬಗ್ ಎಂದರು. ಬಗ್ ಅಲ್ಲ, ಹಳೆಯದನ್ನು ತಕ್ಷಣ ತೋರಿಸಿ ಹಿಂದಿನಿಂದ ಹೊಸದನ್ನು ತರುವ ಕ್ರಮ ಅದು. ಎಚ್‌ಟಿಟಿಪಿ ಕ್ಯಾಶಿಂಗ್‌ನಲ್ಲಿ 2010ರ ಆರ್‌ಎಫ್‌ಸಿ 5861 ಎಂಬ ಇಂಟರ್ನೆಟ್ ದಾಖಲೆಯಲ್ಲೇ ಈ ಯೋಚನೆ ಇದೆ. ಜಿಸಿಟೈಮ್ ಬೇರೆಯೇ ಸಂಗತಿ. ಯಾವ ಕಾಂಪೊನೆಂಟೂ ಬಳಸದ ಡೇಟಾವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವುದು ಅದು, ಡಿಫಾಲ್ಟ್ 5 ನಿಮಿಷ. ನಮ್ಮಲ್ಲಿ ದೇಶಗಳ ಪಟ್ಟಿಗೆ ಸ್ಟೇಲ್‌ಟೈಮ್ ಇನ್ಫಿನಿಟಿ, ಆರ್ಡರ್ ಪಟ್ಟಿಗೆ 30 ಸೆಕೆಂಡ್ ಇಟ್ಟೆವು.

ರಿಟ್ರೈ ಕೂಡ ಮುಟ್ಟಲೇಬೇಕಾಯಿತು. ಕರೆ ಸೋತರೆ ಕ್ವೆರಿ ತಾನಾಗಿಯೇ 1, 2, 4 ಸೆಕೆಂಡ್ ಬಿಟ್ಟು ಮೂರು ಸಲ ಮತ್ತೆ ಕೇಳುತ್ತದೆ. ನೆಟ್‌ವರ್ಕ್ ಕೈಕೊಟ್ಟಾಗ ಸರಿ. 404 (ಅಂಥದ್ದು ಇಲ್ಲ ಅನ್ನುವ ಉತ್ತರ) ಬಂದಾಗ ಏಳು ಸೆಕೆಂಡ್ ಸ್ಪಿನ್ನರ್ ತೋರಿಸಿ ಏನು ಪ್ರಯೋಜನ? 403 (ಅನುಮತಿ ಇಲ್ಲ), 404ಕ್ಕೆ ರಿಟ್ರೈ ಬೇಡವೆಂದು ಒಂದು ಸಣ್ಣ ಫಂಕ್ಷನ್ ಹಾಕಿದೆ.

ತಿದ್ದಿದ ಮೇಲೆ ಇನ್ವ್ಯಾಲಿಡೇಟ್ ಮಾಡುವುದೇ, ಅಂದರೆ ಕ್ಯಾಶ್‌ನಲ್ಲಿರುವುದು ಹಳೆಯದಾಯಿತು ಎಂದು ಗುರುತು ಹಾಕುವುದೇ ನಮ್ಮ ಮಾಮೂಲು ದಾರಿ. ‘ಆರ್ಡರ್ಸ್’ ಅಂದರೆ ಸಾಕು, ಆ ಕೀಯಿಂದ ಶುರುವಾಗುವ ಪಟ್ಟಿ, ವಿವರ ಎಲ್ಲವೂ ಹಳೆಯದಾಗುತ್ತವೆ, ತೆರೆಯ ಮೇಲೆ ಇರುವವು ಮಾತ್ರ ತಕ್ಷಣ ಮತ್ತೆ ಬರುತ್ತವೆ. ಉತ್ತರ ಬರುವ ಮೊದಲೇ ತೆರೆ ಬದಲಾಯಿಸುವ ಆಪ್ಟಿಮಿಸ್ಟಿಕ್ ಅಪ್‌ಡೇಟನ್ನು ಸ್ಟಾರ್ ಹಾಕುವಂಥ ಕಡೆ ಮಾತ್ರ ಬಳಸಿದೆ. ಅಲ್ಲಿ ಮೊದಲ ಹೆಜ್ಜೆ ಓಡುತ್ತಿರುವ ಕ್ವೆರಿಗಳನ್ನು ರದ್ದು ಮಾಡುವುದು. ಅದನ್ನು ಬಿಟ್ಟರೆ ಮೊದಲೇ ಹೊರಟಿದ್ದ ಕರೆಯ ಉತ್ತರ ಬಂದು ಸ್ಟಾರ್ ಒಮ್ಮೆ ಆರಿ ಮತ್ತೆ ಹತ್ತುತ್ತದೆ. ಆಮೇಲೆ ಹಳೆಯ ಮೌಲ್ಯ ತೆಗೆದಿಟ್ಟುಕೊಂಡು, ಹೊಸದನ್ನು ಬರೆದು, ಎರರ್ ಬಂದರೆ ಹಳೆಯದನ್ನು ವಾಪಸ್ ಇಡುವುದು. ಆರ್ಡರ್ ರದ್ದು, ಹಣ ವಾಪಸ್ ಇಂಥವಕ್ಕೆ ಇದನ್ನು ನಾನು ಒಪ್ಪುವುದಿಲ್ಲ. ಆಯಿತು ಎಂದು ತೋರಿಸಿ ಆಮೇಲೆ ಆಗಲಿಲ್ಲ ಅನ್ನುವುದಕ್ಕಿಂತ ಬಟನ್ ಮೇಲೆ ಸ್ಪಿನ್ನರ್ ತಿರುಗುವುದೇ ಲೇಸು.

ನಕಲಿಗೊಂದು ನಕಲು ಬೇಡ ಅನ್ನುವ ನಿಯಮಕ್ಕೆ ಫಾರ್ಮ್‌ಗಳು ಮಾತ್ರ ಹೊರತು. ತಿದ್ದುವ ಫಾರ್ಮ್‌ಗೆ ಡೇಟಾವನ್ನು ಒಂದು ಸಲ ನಕಲು ಮಾಡಿ ಕೊಡುತ್ತೇನೆ, ಆಮೇಲೆ ಹಿಂದಿನಿಂದ ಹೊಸದು ಬಂದರೂ ಫಾರ್ಮ್ ಮುಟ್ಟುವುದಿಲ್ಲ. ಇಲ್ಲದಿದ್ದರೆ ಟೈಪ್ ಮಾಡಿದ್ದು ಕಣ್ಣೆದುರೇ ಅಳಿಸಿಹೋಗುತ್ತದೆ. ಅಷ್ಟರಲ್ಲಿ ಬೇರೊಬ್ಬರು ಅದೇ ದಾಖಲೆ ತಿದ್ದಿದ್ದರೆ? ಅದು ಫ್ರಂಟ್‌ಎಂಡ್ ಒಂದರಿಂದಲೇ ಬಗೆಹರಿಯುವಂಥದ್ದಲ್ಲ. ಬ್ಯಾಕ್‌ಎಂಡ್‌ನವರ ಜೊತೆ ಕೂತು, ಇಟ್ಯಾಗನ್ನು (ದಾಖಲೆಯ ಆ ರೂಪಕ್ಕೆ ಸರ್ವರ್ ಕೊಡುವ ಗುರುತು) ಇಫ್-ಮ್ಯಾಚ್ ಹೆಡರ್‌ನಲ್ಲಿ ಕಳಿಸುವಂತೆ ಮಾಡಿಕೊಂಡೆವು. ಹೊಂದದಿದ್ದರೆ ಸರ್ವರ್ 412 ಎಂಬ ಎರರ್ ಕೊಡುತ್ತದೆ, ನಾವು ಎರಡೂ ರೂಪಗಳನ್ನು ಪಕ್ಕಪಕ್ಕ ತೋರಿಸುತ್ತೇವೆ.

ಲಾಗ್‌ಔಟ್ ಆದಾಗ ಕ್ವೆರಿ ಕ್ಲೈಂಟ್‌ನ (ಕ್ಯಾಶ್ ನೋಡಿಕೊಳ್ಳುವ ಆಬ್ಜೆಕ್ಟ್) ಕ್ಯಾಶನ್ನು ಪೂರ್ತಿ ಖಾಲಿ ಮಾಡಬೇಕು. ಅದೇ ಬ್ರೌಸರ್‌ನಲ್ಲಿ ಮುಂದೆ ಬರುವವರಿಗೆ ಹಿಂದಿನವರ ಪಟ್ಟಿ ಒಂದು ಕ್ಷಣವೂ ಕಾಣಬಾರದು. ಟೆಸ್ಟ್‌ಗಳಲ್ಲೂ ಅಷ್ಟೇ, ಪ್ರತಿ ಟೆಸ್ಟ್‌ಗೂ ಹೊಸ ಕ್ಲೈಂಟ್, ರಿಟ್ರೈ ಆಫ್.

ಕೊನೆಗೆ ಸ್ಟೋರ್‌ನಲ್ಲಿ ಉಳಿದದ್ದು ಸೈಡ್‌ಬಾರ್, ಥೀಮ್, ಮತ್ತು ಪಟ್ಟಿಯಲ್ಲಿ ಟಿಕ್ ಮಾಡಿದ ಸಾಲುಗಳು. ಟಿಕ್ ಮಾಡಿದ ಆರ್ಡರ್‌ಗಳ ಐಡಿ ಮಾತ್ರ ಇಡುತ್ತೇವೆ, ಇಡೀ ಆಬ್ಜೆಕ್ಟ್ ಇಡುವುದಿಲ್ಲ. ತೋರಿಸುವಾಗ ಆ ಐಡಿಗಳನ್ನು ಕ್ಯಾಶ್‌ನಲ್ಲಿರುವ ಪಟ್ಟಿಯ ಜೊತೆ ಹೊಂದಿಸುತ್ತೇವೆ. ಬೇರೆಯವರು ಅಳಿಸಿದ ಆರ್ಡರ್ ಪಟ್ಟಿ ಹೊಸದಾದ ಕೂಡಲೇ ಎಣಿಕೆಯಿಂದ ತಾನೇ ಬಿಟ್ಟುಹೋಗುತ್ತದೆ, ಅದಕ್ಕಾಗಿ ಬೇರೆ ಕೋಡ್ ಬರೆಯಬೇಕಾಗಿಲ್ಲ.