ಮೇವನ್ ಬಿಡದೆ ಸ್ಕಾಲಾ ಬಿಲ್ಡ್: ನನ್ನ ಅನುಭವ

ಜಾವಾ ಮತ್ತು ಸ್ಕಾಲಾ ಭಾಷೆಗಳು ಬೆರೆತ ನಮ್ಮ ಪ್ರಾಜೆಕ್ಟನ್ನು, ಕೋಡನ್ನು ಕಂಪೈಲ್ ಮಾಡಿ ಕಟ್ಟಿಕೊಡುವ ಬಿಲ್ಡ್ ಸಾಧನವಾದ ಮೇವನ್‌ನಲ್ಲಿಯೇ ಉಳಿಸುತ್ತೇನೆಂದು ನಾನು ಹೇಳಿದಾಗ ತಂಡದ ಹೆಚ್ಚಿನವರು ಒಪ್ಪಿರಲಿಲ್ಲ. ಸ್ಕಾಲಾ ಎಂದ ಮೇಲೆ ಅದರದೇ ಬಿಲ್ಡ್ ಸಾಧನ ಎಸ್‌ಬಿಟಿಯೇ ಸರಿ ಎಂಬುದು ಅವರ ವಾದವಾಗಿತ್ತು. ಆದರೆ ನಲವತ್ತರ ಆಸುಪಾಸಿನ ಮಾಡ್ಯೂಲುಗಳೂ ಬಿಡುಗಡೆಯ ಸ್ಕ್ರಿಪ್ಟುಗಳೂ ಮೇವನ್ನನ್ನೇ ನೆಚ್ಚಿಕೊಂಡಿರುವಾಗ, ಅವನ್ನೆಲ್ಲ ಬದಲಾಯಿಸುವ ಖರ್ಚನ್ನು ಯಾರು ಭರಿಸಬೇಕೆಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಹಾಗಾಗಿ ಮೇವನ್‌ನಲ್ಲಿ ಸ್ಕಾಲಾ ಕಂಪೈಲ್ ಮಾಡಿಸುವ ಸ್ಕಾಲಾ-ಮೇವನ್-ಪ್ಲಗಿನ್‌ನ 4ರ ಸರಣಿಯನ್ನು ಹಾಕಿಕೊಂಡೆ.

ಜಾವಾ ಕಡತಗಳು ಸ್ಕಾಲಾ ಕ್ಲಾಸುಗಳನ್ನು ಹುಡುಕಿ ಸೋಲುವ ತೊಂದರೆ ಬೇಗ ತೀರಿತು: ಪ್ಲಗಿನ್‌ನ ಕಂಪೈಲ್ ಗೋಲನ್ನು (ಕೆಲಸವನ್ನು), ಜಾವಾ ಕಂಪೈಲ್ ಆಗುವುದಕ್ಕೂ ಮೊದಲು ಬರುವ ಪ್ರೊಸೆಸ್-ರಿಸೋರ್ಸಸ್ ಹಂತಕ್ಕೆ ಕಟ್ಟಿದರೆ ಸಾಕು. ನಿಜವಾಗಿ ಕಾಡಿದ್ದು ಲೊಂಬೋಕ್, ಅಂದರೆ ಕಂಪೈಲ್ ಮಾಡುವಾಗ ಜಾವಾ ಕ್ಲಾಸುಗಳಿಗೆ ಮಾಮೂಲಿ ಕೋಡನ್ನು ತಾನೇ ಸೇರಿಸುವ ಲೈಬ್ರರಿ. ಸ್ಕಾಲಾ ಕಂಪೈಲರ್ ಜಾವಾ ಕಡತವನ್ನು ಬರೆದಿರುವಂತೆಯೇ ಓದುವುದರಿಂದ, ಲೊಂಬೋಕ್ ಆಮೇಲೆ ಹುಟ್ಟಿಸುವ ಗೆಟರ್‌ಗಳು (ಕ್ಲಾಸಿನ ಮೌಲ್ಯಗಳನ್ನು ಓದಿಕೊಡುವ ಮೆಥಡ್‌ಗಳು) ಅದರ ಕಣ್ಣಿಗೆ ಬೀಳುವುದೇ ಇಲ್ಲ. ಜಾವಾವನ್ನೇ ಮೊದಲು ಕಂಪೈಲ್ ಮಾಡಿಸೋಣವೆಂದರೆ, ನಮ್ಮಲ್ಲಿ ಅವಲಂಬನೆ ಎರಡೂ ಕಡೆಯಿಂದ ಇತ್ತು. ಕೊನೆಗೆ ಲೊಂಬೋಕ್ ಬಳಸುವ ಕ್ಲಾಸುಗಳನ್ನೆಲ್ಲ ಬರೀ ಜಾವಾ ಇರುವ ಪ್ರತ್ಯೇಕ ಮಾಡ್ಯೂಲಿಗೆ ಸಾಗಿಸಿದೆ. ಬೇಸರದ ಕೆಲಸ, ಆದರೆ ಇದಕ್ಕಿಂತ ಭದ್ರವಾದ ಉಪಾಯ ನನಗೆ ಸಿಕ್ಕಿಲ್ಲ.

ಮುಂದಿನದು ಸ್ಟ್ಯಾಕ್ ಓವರ್‌ಫ್ಲೋ, ಅಂದರೆ ಒಂದರೊಳಗೊಂದು ಕರೆಗಳಿಗಾಗಿ ಮೀಸಲಿಟ್ಟ ಮೆಮೊರಿ ತುಂಬಿಹೋಗುವುದು. ಇಂಪ್ಲಿಸಿಟ್‌ಗಳ (ಸ್ಕಾಲಾ ಕಂಪೈಲರ್ ತಾನೇ ಹುಡುಕಿ ತುಂಬಿಕೊಳ್ಳುವ ಮೌಲ್ಯಗಳ) ಸರಪಳಿ ಉದ್ದವಾಗಿದ್ದ ಒಂದೆರಡು ಮಾಡ್ಯೂಲುಗಳಲ್ಲಿ ಕಂಪೈಲರ್ ಕುಸಿಯುತ್ತಿತ್ತು. ಜಾವಾ, ಸ್ಕಾಲಾ ಪ್ರೋಗ್ರಾಮುಗಳನ್ನು ಓಡಿಸುವ ಜೆವಿಎಂಗೆ ಸೂಚನೆ ಕೊಡುವ, ಪ್ಲಗಿನ್‌ನ ಜೆವಿಎಂ-ಆರ್ಗ್ಸ್‌ನಲ್ಲಿ ಸ್ಟ್ಯಾಕಿನ ಗಾತ್ರವನ್ನು ಎಷ್ಟು ಏರಿಸಿದರೂ ಪ್ರಯೋಜನವಾಗಲಿಲ್ಲ. ಬದಲಾದದ್ದನ್ನಷ್ಟೇ ಕಂಪೈಲ್ ಮಾಡುವ ಇನ್‌ಕ್ರಿಮೆಂಟಲ್ ವಿಧಾನದಲ್ಲಿ, ಆ ಕೆಲಸ ಮಾಡುವ ಝಿಂಕ್ ಎಂಬ ಸಾಧನ ಮೇವನ್‌ನ ಜೆವಿಎಂ ಒಳಗೇ ಓಡುವುದರಿಂದ ಆ ಸಾಲುಗಳಿಗೆ ಅಲ್ಲಿ ಬೆಲೆಯಿಲ್ಲ. ಮೇವನ್‌ನ ಸ್ವಂತ ಜೆವಿಎಂ-ಕಾನ್ಫಿಗ್ ಕಡತದಲ್ಲಿ ಎಂಟು ಎಂಬಿಯಷ್ಟು ಕೊಟ್ಟ ಮೇಲೆ ಆ ದೂರು ಮತ್ತೆ ಬರಲಿಲ್ಲ.

ಹಣ ಉಳಿದದ್ದು ಬೇರೆ ಕಡೆ. ಬಿಲ್ಡ್ ಸರ್ವರಿನವರು ನಿಮಿಷದ ಲೆಕ್ಕದಲ್ಲಿ ಹಣ ಪಡೆಯುತ್ತಾರೆ, ನಮ್ಮ ಪೂರ್ಣ ಬಿಲ್ಡ್ ಇಪ್ಪತ್ತೈದು ನಿಮಿಷದ ಹತ್ತಿರ ಹಿಡಿಯುತ್ತಿತ್ತು. ಮಿಶ್ರ ಮಾಡ್ಯೂಲುಗಳಲ್ಲಿ ಝಿಂಕ್ ಜಾವಾವನ್ನೂ ಕಂಪೈಲ್ ಮಾಡಿ ಮುಗಿಸಿದ ಮೇಲೆ ಮೇವನ್‌ನ ಕಂಪೈಲರ್ ಪ್ಲಗಿನ್ ಅದೇ ಕೆಲಸಕ್ಕೆ ಮತ್ತೆ ಕೈಹಾಕುತ್ತಿರುವುದನ್ನು ಲಾಗಿನಲ್ಲಿ ಕಂಡು, ಅಲ್ಲೆಲ್ಲ ಆ ಕೆಲಸವನ್ನು ಬಿಡಿಸುವ ಸ್ಕಿಪ್-ಮೇನ್ ಹಾಕಿದೆ. ಟಾರ್ಗೆಟ್ ಫೋಲ್ಡರಿನಲ್ಲಿ ಯಾವುದು ಯಾವುದನ್ನು ಅವಲಂಬಿಸಿದೆಯೆಂದು ಝಿಂಕ್ ಬರೆದಿಡುವ ಅನಾಲಿಸಿಸ್ ಕಡತಗಳನ್ನು ಕ್ಲಾಸ್ ಕಡತಗಳೊಂದಿಗೆ ಒಂದು ಬಿಲ್ಡಿನಿಂದ ಇನ್ನೊಂದಕ್ಕೆ ದಾಟಿಸಲೂ ಆರಂಭಿಸಿದೆ. ಅವು ಹಳಸಿವೆಯೆಂದು ಝಿಂಕ್ ತಿರಸ್ಕರಿಸದಂತೆ ಕ್ಯಾಶ್‌ನ (ಹೀಗೆ ದಾಟಿಸುವ ಸಂಗ್ರಹದ) ಗುರುತಿನ ಕೀಯನ್ನು ಹೇಗೆ ಕಟ್ಟುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಈಗ ಸಾಮಾನ್ಯ ಬದಲಾವಣೆಗೆ ಒಂಬತ್ತು ನಿಮಿಷ ಸಾಕು. ತಿಂಗಳ ಬಿಲ್ಲು ಅರ್ಧಕ್ಕಿಂತ ಕೆಳಗಿದೆ, ವಾದಿಸಿದವರೂ ಈಗ ನನ್ನ ಪೋಮ್ ಕಡತವನ್ನೇ (ಮೇವನ್‌ನ ಸೆಟ್ಟಿಂಗ್ ಕಡತ) ನಕಲು ಮಾಡಿಕೊಳ್ಳುತ್ತಿದ್ದಾರೆ.

ನಡುವೆ, ಬಿಲ್ಡ್ ಮುಗಿದರೂ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಮೇವನ್ ಡೀಮನ್ನನ್ನೂ ಪರೀಕ್ಷಿಸಿದೆ. ಜೆವಿಎಂ ಬಿಸಿಯಾಗಿಯೇ ಉಳಿಯುವುದರಿಂದ ಸ್ವಂತ ಯಂತ್ರದಲ್ಲಿ ಎರಡನೆಯ ಬಿಲ್ಡಿನಿಂದಾಚೆ ವೇಗ ಎದ್ದು ಕಾಣುತ್ತದೆ. ಪ್ರತಿ ಸಲ ಹೊಸ ಯಂತ್ರ ಏಳುವ ಸರ್ವರಿನಲ್ಲಿ ಮಾತ್ರ ಅದು ದಂಡ. ಒಂದೇ ಲೈಬ್ರರಿಯನ್ನು ಸ್ಕಾಲಾದ 2.12 ಮತ್ತು 2.13 ಆವೃತ್ತಿಗಳೆರಡಕ್ಕೂ ಪ್ರಕಟಿಸುವುದರಲ್ಲಿ ಎಸ್‌ಬಿಟಿ ಮುಂದಿದೆಯೆಂದು ಒಪ್ಪುತ್ತೇನೆ: ಅಲ್ಲಿ ಆಜ್ಞೆಯ ಮುಂದೆ ಒಂದು ಪ್ಲಸ್ ಚಿಹ್ನೆ ಸಾಕು, ಮೇವನ್‌ನಲ್ಲಿ ಪ್ರೊಫೈಲ್ (ಸೆಟ್ಟಿಂಗುಗಳ ಗುಂಪು) ಬದಲಿಸಿ ಎರಡು ಬಾರಿ ಓಡಿಸಬೇಕು. ಬಿಲ್ಲು ಅರ್ಧಕ್ಕಿಂತ ಕೆಳಗಿದೆ ಎಂದದ್ದು ಆ ಎರಡನೆಯ ಓಟವನ್ನೂ ಸೇರಿಸಿಯೇ.